ಡಾಕ್ಟರ್ ಕೇಳಿದ್ದು ನಿದ್ದೆ ಬಗ್ಗೆ

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಸೀರೆಗೆ ಆರ್ಡರ್ ಕಡಿಮೆಯಾಗಿ ನಾಲ್ಕು ಮಗ್ಗದಲ್ಲಿ ಮೂರು ನಿಂತಾಗ, ಸಾಲದ ಕಂತು ಕಟ್ಟೋಕೆ ನಾನು ದೇವನಹಳ್ಳಿ ಹತ್ತಿರದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿ ಸೇರಿಕೊಂಡೆ. ಆಗ ನನಗೆ 31, ಮದುವೆಯಾಗಿ ಎರಡು ವರ್ಷ.

ಕೆಲವೇ ತಿಂಗಳಲ್ಲಿ ಹಾಸಿಗೆಯಲ್ಲಿ ಏನೂ ಆಗದ ಸ್ಥಿತಿ. ಆಸೆಯೇ ಇಲ್ಲ, ಆಸೆ ಬಂದ ದಿನ ನಿಮಿರುವಿಕೆ ನಿಲ್ಲಲ್ಲ. ಒಂದು ರಾತ್ರಿ ಹೆಂಡತಿ ಕೇಳಿಯೇಬಿಟ್ಟಳು: "ನಾನು ನಿಮಗೆ ಬೇಡವಾದ್ನಾ?" ಮರುದಿನವೇ ಡಾಕ್ಟರ್ ಹತ್ತಿರ ಹೋದೆ.

ಬಸ್‌ಸ್ಟ್ಯಾಂಡ್ ಗೋಡೆಯ ‘ಪುರುಷತ್ವ’ದ ಪೋಸ್ಟರ್‌ಗಳು ಯಾವತ್ತೂ ಕೇಳದ ಪ್ರಶ್ನೆ ಅವರು ಕೇಳಿದ್ರು. ಶುಗರ್, ಬಿಪಿ, ಹಾರ್ಮೋನ್ ಪರೀಕ್ಷೆಗೆ ಬರೆದುಕೊಟ್ಟು, "ನಿದ್ದೆ ಹೇಗಿದೆ? ಮೊದಲು ಖುಷಿ ಕೊಡ್ತಿದ್ದ ಕೆಲಸ ಈಗಲೂ ಖುಷಿ ಕೊಡುತ್ತಾ?" ಅಂದ್ರು. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ರುಚಿಸಲ್ಲ, ಕ್ರಿಕೆಟ್ ನೋಡೋಕೂ ಮನಸ್ಸಿಲ್ಲ... ಹೇಳ್ತಾ ಹೋದ ಹಾಗೆ ಗಂಟಲು ಕಟ್ಟಿತು. ರಿಪೋರ್ಟ್ ಎಲ್ಲಾ ಸರಿಯಾಗಿತ್ತು. ಇದ್ದದ್ದು ಖಿನ್ನತೆ.

ಖಿನ್ನತೆಯಲ್ಲಿ ಖುಷಿಪಡೋ ಶಕ್ತಿಯೇ ಕುಗ್ಗುತ್ತೆ, ಲೈಂಗಿಕ ಆಸೆಯೂ ಅದರ ಜೊತೆಗೇ ಹೋಗುತ್ತೆ. ನಿಮಿರುವಿಕೆಗೆ ರಕ್ತನಾಳಗಳು ಸಡಿಲವಾಗಬೇಕು. ಆತಂಕ ಅದಕ್ಕೆ ಬಿಡಲ್ಲ. ಒಮ್ಮೆ ಆಗದಿದ್ದರೆ ಮುಂದಿನ ಸಲದ ಭಯ, ಆ ಭಯದಿಂದಲೇ ಮತ್ತೆ ಸೋಲು, ಸೋಲಿನಿಂದ ಇನ್ನಷ್ಟು ಖಿನ್ನತೆ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು.

ನಮ್ಮ ಗಂಡಸರಿಗೆ ಇನ್ನೊಂದು ಭಯವೂ ಇದೆ: ವೀರ್ಯ ಹೋದ್ರೆ ಶಕ್ತಿಯೇ ಹೋಯ್ತು ಅನ್ನೋದು. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಇದಕ್ಕೆ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ಹೀಗೆ ಸುಸ್ತು ಅಂತ ಬರುವ ಎಷ್ಟೋ ಜನರಲ್ಲಿ ಒಳಗೆ ಇರೋದು ಖಿನ್ನತೆ, ಆತಂಕ.

ಮಾತ್ರೆ ಶುರುವಾಗಿ ಒಂದೂವರೆ ತಿಂಗಳಿಗೆ ನಿದ್ದೆ ಬಂತು, ಊಟ ರುಚಿಸಿತು. ಆದ್ರೆ ಸ್ಖಲನ ತೀರಾ ತಡವಾಗತೊಡಗಿತು. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆಗಳಿಗೆ ಈ ಅಡ್ಡಪರಿಣಾಮ ಉಂಟು. ಎಷ್ಟೋ ಜನ ಇದೇ ಕಾರಣಕ್ಕೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡ್ತಾರೆ. ಖಿನ್ನತೆ ಮರಳಿ ಬರಬಹುದು. ನಾನು ಡಾಕ್ಟರಿಗೆ ಹೇಳಿದೆ, ಅವರು ಮಾತ್ರೆ ಬದಲಿಸಿದ್ರು. ಆ ಸಲ ಹೆಂಡತಿಯೂ ಜೊತೆಗಿದ್ದಳು. ವಾಪಸ್ ಬರುವಾಗ ಬೈಕಿನ ಹಿಂದೆ ಕೂತು, "ನನ್ನ ಮೇಲೆ ಮನಸ್ಸಿಲ್ಲ ಅಂದ್ಕೊಂಡು ಎಷ್ಟು ರಾತ್ರಿ ಅತ್ತಿದ್ದೀನಿ ಗೊತ್ತಾ?" ಅಂದಳು. ಈಗ ಎಲ್ಲವೂ ಪೂರ್ತಿ ಮೊದಲಿನ ಹಾಗಾಗಿದೆ ಅಂತಲ್ಲ. ಆದ್ರೆ ಆಗದ ದಿನ ಇಬ್ಬರೂ ಮುಖ ತಿರುಗಿಸಿ ಮಲಗಲ್ಲ.

ಡಾಕ್ಟರ್ ಮುಂದೆ ಎರಡನ್ನೂ ಹೇಳಿ, ಮನಸ್ಸಿನದೂ ಹಾಸಿಗೆಯದೂ. ಎದುರು ಕೂತು ಹೇಳೋಕೆ ನಾಚಿಕೆಯಾದ್ರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.