ಬ್ಲೀನ್ ಕಾಡಿನ ಸಾಲಗಾರ ಹೂವು

ಲಂಡನ್ನಿನಿಂದ ಕೆಂಟ್ ಸೀಮೆಯ ಕ್ಯಾಂಟರ್‌ಬರಿಗೆ ಹೋಗುವ ಹಳೆಯ ದಾರಿಯು, ಊರಿನ ಗೋಪುರ ಕಣ್ಣಿಗೆ ಬೀಳುವ ಮೊದಲು ಬ್ಲೀನ್ ಎಂಬ ಅರಣ್ಯಪ್ರದೇಶವನ್ನು ಹಾದುಹೋಗುತ್ತದೆ. 1170ರಲ್ಲಿ ದೇವಾಲಯದೊಳಗೇ ಹತನಾದ ಥಾಮಸ್ ಬೆಕೆಟ್‌ನ ಸಮಾಧಿಯನ್ನು ಕಾಣಲೆಂದು ಶತಮಾನಗಟ್ಟಲೆ ಯಾತ್ರಿಕರು ಈ ಮಾರ್ಗವಾಗಿ ನಡೆದರು. ಚಾಸರ್ ಕವಿಯ ಯಾತ್ರಿಕರ ಕಥೆಗಳಲ್ಲಿ ಈ ಕಾಡಿನ ಹೆಸರುಂಟು. ಆದರೆ ಕಾಲಬುಡದಲ್ಲಿ ಅರಳಿನಿಂತ ಒಂದು ಹಳದಿ ಹೂವನ್ನು ಆ ಭಕ್ತರಲ್ಲಿ ಎಷ್ಟು ಮಂದಿ ನೋಡಿದರೋ!

ಅದರ ಹೆಸರು ಕೌ-ವೀಟ್, ಹಸುಗೋಧಿ ಎನ್ನಬಹುದು. ಒಂದು ಮೊಳವೂ ಮೀರದ ಪುಟ್ಟ ಗಿಡ; ವರ್ಷಕ್ಕೊಮ್ಮೆ ಹುಟ್ಟಿ ಸಾಯುವಂಥದು. ಮೇ ತಿಂಗಳಿನಿಂದ ನಳಿಗೆಯಾಕಾರದ ಹೂಗಳು ಜೋಡಿಜೋಡಿಯಾಗಿ ಒಂದೇ ದಿಕ್ಕಿಗೆ ಮುಖಮಾಡಿ ಅರಳುತ್ತವೆ. ಎಲೆ ಹಸಿರಾಗಿಯೇ ಇದೆ. ಸೂರ್ಯನ ಬೆಳಕಿನಿಂದ ತನ್ನ ಅಡಿಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ಮೇಲ್ನೋಟಕ್ಕೆ ಮರ್ಯಾದಸ್ಥ ಗಿಡ. ನೆಲದೊಳಗಿನ ಸಂಗತಿಯೇ ಬೇರೆ. ಅದರ ಬೇರುಗಳು ಓಕ್, ಬರ್ಚ್ ಮೊದಲಾದ ಮರಗಳ ಬೇರನ್ನು ಹುಡುಕಿ, ಸಣ್ಣ ಗಂಟುಗಳ ಮೂಲಕ ಅಂಟಿಕೊಂಡು, ನೀರನ್ನೂ ಲವಣಗಳನ್ನೂ ಹೀರುತ್ತವೆ. ಅಕ್ಕಿಬೇಳೆ ನೆರೆಮನೆಯದು, ಒಲೆ ಮಾತ್ರ ತನ್ನದು!

ಕನ್ನಡಿಗರು ಇದಕ್ಕೆ ಮೂಗುಮುರಿಯುವಂತಿಲ್ಲ. ದೇವರ ಪೂಜೆಗೆ ತೇಯುವ ನಮ್ಮ ಶ್ರೀಗಂಧದ ಮರವೂ ನೆರೆಯ ಗಿಡಮರಗಳ ಬೇರಿಗೆ ತನ್ನ ಬೇರನ್ನು ಹೂಡಿಯೇ ಬೆಳೆಯುವುದು. ಮಾವಿನ ಕೊಂಬೆಯ ಬದನಿಕೆ ಎಲ್ಲರ ಕಣ್ಣೆದುರು ಮಾಡುವುದನ್ನು ಇವೆರಡೂ ಮಣ್ಣಿನ ಮರೆಯಲ್ಲಿ ಮಾಡುತ್ತವೆ, ಅಷ್ಟೆ.

ಹಸುಗೋಧಿಯ ಬೀಜವೂ ಪರಾವಲಂಬಿಯೇ. ಅದರ ತುದಿಗೆ ಎಣ್ಣೆಯಂಶದ ಒಂದು ತುಣುಕು ಅಂಟಿಕೊಂಡಿರುತ್ತದೆ; ಅದರ ಆಸೆಗೆ ಇರುವೆಗಳು ಬೀಜವನ್ನು ಗೂಡಿಗೆ ಹೊತ್ತೊಯ್ಯುತ್ತವೆ. ಇರುವೆಯ ಸವಾರಿ ಎಷ್ಟು ದೂರ ಹೋದೀತು? ಹಾಗಾಗಿ ಒಮ್ಮೆ ಅಳಿದ ಕಡೆ ಈ ಗಿಡ ಮರಳಿ ಬರುವುದು ಬಲು ನಿಧಾನ.

ಇಷ್ಟೆಲ್ಲ ಸಾಲಮಾಡಿ ಬದುಕುವ ಗಿಡಕ್ಕೂ ಒಬ್ಬ ಸಾಲಗಾರನಿದ್ದಾನೆ. ಕಿತ್ತಳೆ ಬಣ್ಣದ ರೆಕ್ಕೆಯ ಮೇಲೆ ಕಪ್ಪು ಜಾಲರಿ ಹೆಣೆದಂಥ ಹೀತ್ ಫ್ರಿಟಿಲರಿ ಎಂಬ ಚಿಟ್ಟೆಯ ಮರಿಹುಳುಗಳು ಬ್ಲೀನ್‌ನಲ್ಲಿ ಈ ಎಲೆಯನ್ನೇ ನೆಚ್ಚಿಕೊಂಡಿವೆ. ಹಳಬರು ಅದನ್ನು 'ಮರಕಡುಕನ ಹಿಂಬಾಲಕ' ಎಂದು ಕರೆದರು. ಆ ಹೆಸರಿನಲ್ಲೇ ಇಡೀ ಕಥೆ ಅಡಗಿದೆ. ಬಿಯರಿಗೆ ಬೇಕಾದ ಹಾಪ್ಸ್ ಬಳ್ಳಿಯನ್ನು ಹಬ್ಬಿಸಲು ಕೆಂಟಿನ ರೈತರಿಗೆ ಚೆಸ್ಟ್‌ನಟ್ ಗಳುಗಳು ಬೇಕಾಗಿದ್ದವು. ಮರವನ್ನು ಬುಡದವರೆಗೆ ಕಡಿದು, ಕೂಳೆ ಚಿಗುರಲು ಬಿಡುವುದು ಅಲ್ಲಿನ ಪದ್ಧತಿ. ಕಡಿದ ತುಂಡಿನಲ್ಲಿ ಬಿಸಿಲು ಬೀಳುವುದು, ಹಸುಗೋಧಿ ತುಂಬುವುದು, ಚಿಟ್ಟೆ ಬರುವುದು. ಕೆಲವೇ ವರ್ಷಗಳಲ್ಲಿ ಕೂಳೆ ಎತ್ತರಕ್ಕೆ ಬೆಳೆದು ನೆರಳು ಕವಿಯಿತೆಂದರೆ, ಪಕ್ಕದಲ್ಲಿ ಹೊಸದಾಗಿ ಕಡಿದ ತುಂಡಿಗೆ ಅದರ ಪ್ರಯಾಣ. ದೂರ ಹಾರಲಾರದ ಜೀವ. ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಗಳುಗಳಿಗೆ ಗಿರಾಕಿ ಕಡಿಮೆಯಾಗಿ, ಕೊಡಲಿಯ ಸದ್ದು ನಿಂತು, ಇಂಗ್ಲೆಂಡಿನ ಕಾಡುಗಳು ಒಂದೊಂದಾಗಿ ಕತ್ತಲಾದವು. 1980ರ ಸುಮಾರಿಗೆ ಈ ಚಿಟ್ಟೆ ಬ್ಲೀನ್‌ನಲ್ಲಿಯೂ ನೈರುತ್ಯ ಮೂಲೆಯ ಕೆಲವೇ ಎಡೆಗಳಲ್ಲಿಯೂ ಉಳಿದಿತ್ತು. 1981ರಲ್ಲಿ ವನ್ಯಜೀವಿ ಕಾಯಿದೆ ಬಂದಿತು. ಆದರೆ ಕಾಯಿದೆ ಬಿಸಿಲನ್ನು ತರಲಾರದಷ್ಟೆ! ಸಂರಕ್ಷಕರೇ ಕೊಡಲಿ ಹಿಡಿದು, ಸರದಿಯ ಮೇಲೆ ಕಾಡನ್ನು ಕಡಿಯಬೇಕಾಯಿತು. ಮರ ಕಡಿಯುವುದೇ ಅಪರಾಧವೆಂದು ನಂಬಿದವರಿಗೆ ಇದು ವಿಚಿತ್ರವಾಗಿ ತೋರೀತು. ಬ್ಲೀನ್‌ನ ಮಟ್ಟಿಗೆ ಮಾತ್ರ ಕಡಿಯದಿರುವುದೇ ಅನ್ಯಾಯ.

2022ರ ಜುಲೈಯಲ್ಲಿ ಈ ಕೆಲಸಕ್ಕೆ ಹೊಸ ಕೂಲಿಗಳು ಬಂದರು: ಪಶ್ಚಿಮ ಬ್ಲೀನ್‌ನಲ್ಲಿ ಬಿಟ್ಟ ಮೂರು ಹೆಣ್ಣು ಯೂರೋಪಿಯನ್ ಕಾಡೆಮ್ಮೆಗಳು. ತೊಗಟೆ ಸುಲಿದು, ಮರಗಳಿಗೆ ಮೈಯುಜ್ಜಿ ಅವು ಕಾಡಿಗೆ ಬೆಳಕು ತರಲೆಂಬುದು ಉದ್ದೇಶ. ಅವುಗಳಲ್ಲೊಂದು ಗರ್ಭಿಣಿಯೆಂಬುದು ಯಾರಿಗೂ ಗೊತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಕರು ಹುಟ್ಟಿದಾಗಲೇ ತಿಳಿದದ್ದು.

ಜೂನ್ ತಿಂಗಳ ಬಿಸಿಲೇರಿದ ಬೆಳಗಿನಲ್ಲಿ ಹೋದವರಿಗೆ, ಹೊಸದಾಗಿ ಕಡಿದ ತುಂಡಿನಲ್ಲಿ ಹಳದಿ ಹೂಗಳ ಮೇಲೆ ಕಿತ್ತಳೆ ರೆಕ್ಕೆಗಳು ಮೊಣಕಾಲೆತ್ತರಕ್ಕೆ ತೇಲುವುದು ಕಾಣಸಿಗುತ್ತದೆ. ಮೋಡವೊಂದು ಅಡ್ಡಬಂದರೆ ಸಾಕು, ಎಲ್ಲವೂ ರೆಕ್ಕೆಮಡಿಸಿ ಎಲೆಗಳ ನಡುವೆ ಕುಳಿತುಬಿಡುತ್ತವೆ. ಬಿಸಿಲು ಮರಳುವವರೆಗೆ ಕಾಯಬೇಕು.