ಇಂದಿರಮ್ಮ ಕೊಟ್ಟ ಹೊಲ

ತುರ್ತು ಪರಿಸ್ಥಿತಿ ಘೋಷಣೆಯಾಗಿ 2025ರ ಜೂನ್ ತಿಂಗಳಿಗೆ ಐವತ್ತು ವರ್ಷ ತುಂಬಿತು. ನನ್ನ ಬಳಿ ಸಮಾಜ ವಿಜ್ಞಾನ ಕಲಿತವರಿಗೆ ನೆನಪಿರಬಹುದು, ಪಠ್ಯಪುಸ್ತಕದಲ್ಲಿ ಆ ಇಪ್ಪತ್ತೊಂದು ತಿಂಗಳಿಗೆ ದೊರೆತ ಸ್ಥಳ ಕೆಲವೇ ಸಾಲುಗಳು. ಆದರೆ ನಮ್ಮ ಬಂಧುಬಳಗದಲ್ಲಿ ಅದರ ಜಗಳ ಹತ್ತಾರು ವರ್ಷ ನಡೆಯಿತು. ಆಗ ನಾನು ಹೊನ್ನಾಳಿಯಲ್ಲಿ ಹೈಸ್ಕೂಲು ವಿದ್ಯಾರ್ಥಿ. ಹೊನ್ನಾಳಿ, ಚನ್ನಗಿರಿಗಳೆರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು; ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು.

1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ, 1971ರಲ್ಲಿ ರಾಜರುಗಳ ರಾಜಧನ ರದ್ದಾದಾಗ ಇಂದಿರಾ ಗಾಂಧಿಯವರನ್ನು ಬಾಯ್ತುಂಬ ಹೊಗಳಿದವರಲ್ಲಿ ಚನ್ನಗಿರಿ ಸೀಮೆಯ ನಮ್ಮ ದೊಡ್ಡಪ್ಪ ಮೊದಲಿಗರು. ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ತಂದು, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ತೊಡೆದುಹಾಕಿತು. ಭದ್ರಾ ನಾಲೆಯ ಕೆಳಗೆ ದೊಡ್ಡಪ್ಪನಿಗಿದ್ದ ನಾಲ್ಕು ಎಕರೆ ಗದ್ದೆ ಗೇಣಿಯಲ್ಲಿತ್ತು. ಗೇಣಿದಾರ ಡಿಕ್ಲರೇಷನ್ ಕೊಟ್ಟ. ಭೂನ್ಯಾಯ ಮಂಡಳಿಯ ಮುಂದೆ ವಿಚಾರಣೆ ನಡೆದದ್ದು 1976ರಲ್ಲಿ. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಕಾನೂನೇ ಹೇಳಿತ್ತು. ಅರೆಬರೆ ಓದಿದ ಒಡೆಯ, ಓದೇ ಬಾರದ ಒಕ್ಕಲು, ಇಬ್ಬರೂ ತಮ್ಮ ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕು. ಇದು ನನಗೆ ಈಗಲೂ ಒಪ್ಪಿಗೆಯಾಗುವ ಏರ್ಪಾಡು. ಗದ್ದೆ ಒಕ್ಕಲಿನವನಿಗಾಯಿತು.

"ಗದ್ದೆ ಹೋದದ್ದಕ್ಕೆ ನನಗೆ ಸಂಕಟವಿಲ್ಲ ಕಣಪ್ಪ. ಹೋಯಿತೆಂದು ಗಟ್ಟಿಯಾಗಿ ಹೇಳುವುದಕ್ಕೂ ಹೆದರಿದೆನಲ್ಲ, ಅದು ಸಂಕಟ" ಎಂದು ದೊಡ್ಡಪ್ಪ ಕೊನೆಯತನಕ ಹೇಳುತ್ತಿದ್ದರು. (ಮಾತಿನ ಮೊದಲರ್ಧವನ್ನು ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.) ಎರಡನೆಯದು ಮಾತ್ರ ನಿಜ. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯಿದೆಯ ಹೆಸರು ಹಳ್ಳಿಯ ಕಟ್ಟೆಯವರೆಗೂ ಬಂದಿತ್ತು. ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ಬಂಧಿತನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕೂ ಇಲ್ಲವೆಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದವರು ಎಚ್. ಆರ್. ಖನ್ನಾ ಒಬ್ಬರೇ.

ಆ ಗೇಣಿದಾರನ ಹೆಂಡತಿಯನ್ನು ನಾವು ಹುಡುಗರು ಅಕ್ಕ ಎನ್ನುತ್ತಿದ್ದೆವು. ಆಕೆಗೆ ಅದು ಇಂದಿರಮ್ಮ ಕೊಟ್ಟ ಹೊಲ. ಕಾನೂನು ಅರಸರದೆಂದು ಯಾರಾದರೂ ತಿದ್ದಿದರೆ ಕೇಳುತ್ತಿರಲಿಲ್ಲ. "ಜೈಲಿಗೆ ಹೋದೋರು ಯಾರು? ದೊಡ್ಡೋರು ತಾನೆ? ನಾವು ಮೂರು ತಲೆಮಾರು ಇದೇ ಗದ್ದೇಲಿ ಜೈಲಾಗಿದ್ವಲ್ಲ, ಆವಾಗ ಪೇಪರ್‌ನಾಗೆ ಬಂದಿತ್ತಾ?" ಎಂದು ದೊಡ್ಡಪ್ಪನ ಎದುರಿಗೇ ಒಮ್ಮೆ ಕೇಳಿದಳು. ದೊಡ್ಡಪ್ಪ ಉತ್ತರ ಕೊಡಲಿಲ್ಲ. ನನ್ನಲ್ಲಿಯೂ ಆ ಪ್ರಶ್ನೆಗೆ ಪೂರ್ತಿ ಉತ್ತರವಿಲ್ಲ.

ನ್ಯಾಮತಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ಸೋದರಮಾವನದು ಇನ್ನೊಂದು ಕಥೆ. ಕಚೇರಿಗಳಲ್ಲಿ ಗುಮಾಸ್ತರು ಹೊತ್ತಿಗೆ ಸರಿಯಾಗಿ ಸಿಗುತ್ತಾರೆಂದು ಮೊದಲು ಬಹಳ ಹಿಗ್ಗಿದರು. ಮುಂದೆ ಕುಟುಂಬ ಯೋಜನೆಯ 'ಕೇಸು' ತರಬೇಕೆಂದು ಮೇಲಿನವರ ಒತ್ತಡ ಬಂತು, ತರದಿದ್ದಾಗ ಸಂಬಳ ನಿಂತಿತು. ಅಲ್ಲಿಗೆ ಅವರ ಹಿಗ್ಗೂ ನಿಂತಿತು.

ಮುಂದೆ ನಾನು ಕೆಲಸಕ್ಕೆ ಸೇರಿದ್ದು ಜಗಳೂರು ತಾಲ್ಲೂಕಿನಲ್ಲಿ. ಅದು ಮಳೆಯನ್ನೇ ನಂಬಿದ ನಾಡು; ನಾಲೆಯ ಗದ್ದೆಯ ಜಗಳ ಅಲ್ಲಿಗೆ ಅಪರಿಚಿತ. ಅಲ್ಲಿನ ಹಿರಿಯರ ನೆನಪಿನಲ್ಲಿದ್ದದ್ದು ಸಾಲ ಮತ್ತು ಜೀತ. 1976ರ ಋಣ ಪರಿಹಾರ ಕಾಯಿದೆಯಿಂದ ಒತ್ತೆಯಿಟ್ಟ ಪಾತ್ರೆ ಪಡಗ ಮನೆಗೆ ಬಂದವೆಂದು ಒಬ್ಬರು ಹೇಳಿದರೆ, ಮರುವರ್ಷ ಬಿತ್ತನೆಗೆ ಕೈಸಾಲ ಕೊಡುವವರೇ ಇರಲಿಲ್ಲವೆಂದು ಅವರ ತಮ್ಮನೇ ಗೊಣಗುತ್ತಿದ್ದ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಸಮಾಜವಾದಿಗಳ ಪಾಡು. ಗೇಣಿದಾರರ ಹಕ್ಕಿಗಾಗಿ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆದಾಗ ಅದರ ಜೊತೆ ನಿಂತವರು ಅವರು. ಶಾಂತವೇರಿ ಗೋಪಾಲಗೌಡರು ಜೀವಮಾನವಿಡೀ ಬೇಡಿದ್ದೂ ಅದನ್ನೇ. ಕಾಯಿದೆ ಬರುವ ಮುನ್ನವೇ, 1972ರಲ್ಲಿ, ತೀರಿಕೊಂಡರು. ಅದೇ ಬಳಗದ, ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದವರು. ಗೇಣಿದಾರರಿಗೆ ಭೂಮಿ ಸಿಗುತ್ತಿದ್ದ ಹೊತ್ತಿಗೆ ಅವರು ಸೆರೆಮನೆಯಲ್ಲಿದ್ದರು. ಆ ಭೂಮಿಗಾಗಿ ಹೋರಾಡಿದವರನ್ನೇ ಕೂಡಿಹಾಕಬೇಕಾಗಿ ಬಂದದ್ದೇಕೆ?

ಸರ್ವಾಧಿಕಾರವಿಲ್ಲದೆ ಸುಧಾರಣೆ ಸಾಗುತ್ತಿರಲಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕಾಯಿದೆ ಬಂದದ್ದು ಚುನಾಯಿತ ವಿಧಾನಮಂಡಲದಿಂದ, ತುರ್ತು ಪರಿಸ್ಥಿತಿಗಿಂತ ಒಂದು ವರ್ಷಕ್ಕೂ ಮೊದಲೇ. 1975ರ ಜೂನ್ 12ರ ಅಲಹಾಬಾದ್ ತೀರ್ಪು ಅಲುಗಿಸಿದ್ದು ಒಂದು ಕುರ್ಚಿಯನ್ನು, ಬಡವನ ಗದ್ದೆಯನ್ನಲ್ಲ. ಆದರೂ ಆ ಭಯದ ಕಾಲವಲ್ಲದಿದ್ದರೆ ನಮ್ಮ ದೊಡ್ಡಪ್ಪನಂಥವರು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಿದ್ದರೇ ಎಂದು ಅಕ್ಕ ಕೇಳಿದರೆ, ಅಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ ಎಂದೇ ಹೇಳಬೇಕಾಗುತ್ತದೆ.

1977ರ ಮಾರ್ಚ್‌ನಲ್ಲಿ ದೇಶ ತೀರ್ಪು ಕೊಟ್ಟಿತು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ದಕ್ಕಲಿಲ್ಲ. ಕರ್ನಾಟಕದ 28ರಲ್ಲಿ 26 ಅದರ ಪಾಲಾದವು. ರಾಯ್‌ಬರೇಲಿಯಲ್ಲಿ ಇಂದಿರಾ ಸೋತರೆಂದು ರೇಡಿಯೋ ಹೇಳಿದಾಗ ದೊಡ್ಡಪ್ಪ ಬೆಲ್ಲ ಹಂಚಿದರು. ಹಸು ಕರುವಿಗೆ ವೋಟು ಹಾಕಿದ್ದ ಅಕ್ಕನ ಮನೆಯಲ್ಲಿ ಆ ದಿನ ಒಲೆ ಹಚ್ಚಲಿಲ್ಲವಂತೆ. ಉತ್ತರದವರು ಸೋಲಿಸಿದ್ದನ್ನು ವಿವೇಕವೆಂದೂ ನಮ್ಮವರು ಗೆಲ್ಲಿಸಿದ್ದನ್ನು ಅವಿವೇಕವೆಂದೂ ಬರೆಯುವವರನ್ನು ಕಂಡರೆ ನನಗೆ ಅಕ್ಕನ ಮುಖ ಕಣ್ಣೆದುರು ಬರುತ್ತದೆ.

ಆ ಗದ್ದೆ ಈಗ ಅಡಿಕೆ ತೋಟ. ಅಕ್ಕನ ಮೊಮ್ಮಗ ನನ್ನ ವಿದ್ಯಾರ್ಥಿಯಾಗಿದ್ದವನು. ಮನೆಗೆ ಹೋದರೆ ಎಳನೀರು ಕೊಡದೆ ಕಳಿಸುವುದಿಲ್ಲ. ಮಂಡಳಿಯ ಆದೇಶದ ಪ್ರತಿ ಅವರ ಮನೆಯಲ್ಲಿ ಗೆದ್ದಲು ತಿಂದುಹೋಯಿತಂತೆ. ದೊಡ್ಡಪ್ಪನ ಹಳೆಯ ಟ್ರಂಕು ಈಗ ನಿಮ್ಮಲ್ಲಿ ಯಾರ ಮನೆಯಲ್ಲಿದೆಯೋ, ಅದರಲ್ಲಿ ಆ ಕಾಗದವೇನಾದರೂ ಸಿಕ್ಕರೆ ದಯವಿಟ್ಟು ನನಗೆ ತಿಳಿಸಿರಿ.