ಅಂಬಾಸಿಡರಿಗೊಂದು ಡಾಬು

ನಮ್ಮ ಮನೆಯಲ್ಲಿ ವಯಸ್ಸಾದವರು ಇಬ್ಬರು. ಒಬ್ಬರು ಎಂಬತ್ತು ದಾಟಿದ ನಮ್ಮ ಅತ್ತೆಯವರು. ಇನ್ನೊಬ್ಬರು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿರುವ ಅಂಬಾಸಿಡರ್ ಕಾರು. ಅತ್ತೆಯವರು ಮಂಡಿನೋವು ಎಂದರೆ "ಎಣ್ಣೆ ಹಚ್ಕೋಮ್ಮ" ಎಂದು ಪೇಪರಿನಿಂದ ತಲೆ ಎತ್ತದ ನಮ್ಮ ಯಜಮಾನರು, ಕಾರು ಒಂದು ಸಲ ಕೆಮ್ಮಿದರೆ ಸಾಕು, ಊಟದ ಎಲೆ ಬಿಟ್ಟು ಓಡುತ್ತಾರೆ. ನಗಬೇಡಿ. ನಿಮ್ಮ ಮನೆಯಲ್ಲೂ ಇಂಥ ಒಂದು ಮುದ್ದಿನ ಹಳೇ ಸಾಮಾನು ಇದ್ದೇ ಇರುತ್ತದೆ.

ಅದು 1971ರ ಮಾರ್ಕ್ 2 ಅಂಬಾಸಿಡರ್. ನಮ್ಮ ಮಾವನವರು ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಂಡದ್ದು. ನಾನು ಮದುವೆಯಾಗಿ ಈ ಮನೆಗೆ ಬಂದದ್ದು ಅದರಲ್ಲೇ. ಮಗಳನ್ನು ಆಸ್ಪತ್ರೆಯಿಂದ ಕರೆತಂದದ್ದೂ ಅದರಲ್ಲೇ. ಬಂಗಾಳದ ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋದ ಮೇಲಂತೂ ಇವರಿಗೆ ಅದರ ಮೇಲಿನ ಪ್ರೀತಿ ಇಮ್ಮಡಿಯಾಯಿತು.

ಹೋದ ವರ್ಷ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬರುವುದೆಂದಾಯಿತು. ಬೆಂಗಳೂರಿನಿಂದ ಅರಸೀಕೆರೆಗೆ ರೈಲು, ಅಲ್ಲಿಂದ ನಮ್ಮೂರಿಗೆ ಹದಿನೆಂಟು ಮೈಲಿ. "ನನ್ನ ಮಗಳನ್ನ ಅಪ್ಪನ ಕಾರಲ್ಲೇ ಕರ್ಕೊಂಡು ಬರ್ತೀನಿ" ಎಂದರು ಇವರು. ನಾನು ಅಂದೆ: "ಬೇಡ ಅನ್ನೋಲ್ಲ. ಆದರೆ ಅದಕ್ಕೆ ಸೀಟ್ ಬೆಲ್ಟ್ ಹಾಕಿಸಿ. ಇಲ್ಲದಿದ್ದರೆ ಟ್ಯಾಕ್ಸಿ ಮಾಡಿ."

ಸೋದರಿಯರೇ, ಈ ಹಟಕ್ಕೆ ಕಾರಣವಿತ್ತು. ಮಗಳಿಗೆ ಆಗ ಎರಡೂವರೆ ವರ್ಷ. ಜಾತ್ರೆಯಿಂದ ವಾಪಸು ಬರುತ್ತಿದ್ದೆವು. ಮುಂದಿನ ಉದ್ದನೆಯ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಕೈಯಿಂದ ತಬ್ಬಿಕೊಂಡಿದ್ದೆ. ಹಸುವೊಂದು ಅಡ್ಡ ಬಂತು. ಇವರು ಬ್ರೇಕ್ ಒತ್ತಿದರು. ಅಷ್ಟೇ. ಮಗು ನನ್ನ ಕೈಯಿಂದ ಸೋಪಿನ ಬಿಲ್ಲೆಯಂತೆ ಜಾರಿತು. ಮುಂದಿದ್ದದ್ದು ಬರೀ ಕಬ್ಬಿಣದ ತಗಡು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಎಲ್ಲರೂ "ದೇವರು ದೊಡ್ಡವನು, ಕಣ್ಣು ಉಳೀತು" ಎಂದರು. ನಾನು ಮಾತ್ರ ಎಷ್ಟೋ ರಾತ್ರಿ ನನ್ನ ಕೈಗಳನ್ನೇ ನೋಡಿಕೊಂಡು ಅತ್ತಿದ್ದೇನೆ. ಹೆತ್ತ ತಾಯಿಯ ಕೈ, ಬಿಟ್ಟುಬಿಟ್ಟಿತಲ್ಲ!

ಆ ಕೈಗಳ ತಪ್ಪಲ್ಲ ಎಂದು ತಿಳಿಸಿಕೊಟ್ಟವನು ಪಿ.ಯು.ಸಿ. ಓದುವ ನನ್ನ ಮಗ. ಲೆಕ್ಕ ಹಾಕಿ ತೋರಿಸಿದ: ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಮರಕ್ಕೆ ಗುದ್ದಿದರೆ, ಒಳಗಿದ್ದವರಿಗೆ ಇಪ್ಪತ್ತು ಅಡಿ ಎತ್ತರದಿಂದ ಬಿದ್ದಷ್ಟು ಪೆಟ್ಟು. "ಇಪ್ಪತ್ತಡಿ ಬಾವಿಗೆ ಬೀಳೋ ಮಗೂನ ಯಾರ ಕೈಲಿ ಹಿಡಿಯೋಕಾಗುತ್ತೆ ಅಮ್ಮ?" ಎಂದ. ಆವತ್ತು ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಬೆಲ್ಟ್ ಬೇಕೇಬೇಕೆಂಬ ಹಟ ಮಾತ್ರ ಏರಿತು.

ಇವರು ಬಗ್ಗಲಿಲ್ಲ. "1994ರಿಂದ ಈಚೆಗೆ ತಯಾರಾದ ಕಾರಿಗೆ ಮಾತ್ರ ಬೆಲ್ಟು ಕಡ್ಡಾಯ. ನಮ್ಮದಕ್ಕೆ ಕಾನೂನೇ ಕೇಳೋಲ್ಲ" ಎಂದರು.

"ಕಾನೂನು ದಂಡ ಕೇಳದಿದ್ದರೆ ಹಣೆಗೆ ಪೆಟ್ಟೂ ಬೀಳೋಲ್ವೇನ್ರೀ?" ಎಂದೆ.

"ಇದೆಲ್ಲ ಈಚಿನ ಷೋಕಿ" ಎಂದರು. ಅದಕ್ಕೂ ಮಗ ಉತ್ತರ ಹುಡುಕಿ ಕೊಟ್ಟ. ಹೆಗಲಿನಿಂದಲೂ ಸೊಂಟದಿಂದಲೂ ಹಿಡಿಯುವ ಮೂರು ಕಡೆಯ ಬೆಲ್ಟನ್ನು ಸ್ವೀಡನ್ನಿನ ವೋಲ್ವೊ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ಎಂಬಾತ 1959ರಲ್ಲೇ ತಂದ. ಆ ಕಂಪನಿ ಅದನ್ನು ಬೇರೆ ಕಂಪನಿಗಳೂ ಬಳಸಲೆಂದು ಬಿಟ್ಟುಕೊಟ್ಟಿತು. ಅಂದರೆ ನಮ್ಮ ಕಾರಿಗಿಂತ ಬೆಲ್ಟೇ ಹನ್ನೆರಡು ವರ್ಷ ಹಿರಿಯದು!

ಕೊನೆಗೆ ನಿಜವಾದ ಮಾತು ಹೊರಗೆ ಬಂತು. "ಅಪ್ಪ ಒಂದು ಗೀರು ಬೀಳದ ಹಾಗೆ ಇಟ್ಟುಕೊಂಡಿದ್ದ ಕಾರು ಕಣೇ. ಅದಕ್ಕೆ ತೂತು ಕೊರೆಸೋಕೆ ನನ್ನ ಕೈಲಾಗೋಲ್ಲ." ನಾನು ಸುಮ್ಮನಾದೆ. ಸತ್ತವರ ಮೇಲಿನ ಪ್ರೀತಿಯ ಜೊತೆ ಜಗಳ ಆಡುವುದು ಹೇಗೆ, ನೀವೇ ಹೇಳಿ.

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯವರು ತಲೆ ಎತ್ತದೆಯೇ ಹೇಳಿದರು: "ಆ ಕಾರಿನ ಎಡಗಡೆ ಕನ್ನಡಿ ಇದ್ಯಲ್ಲ, ಅದು ಕಾರಿನ ಜೊತೆ ಬಂದಿದ್ದಲ್ಲ ಕಣೋ. ನೀನು ಸೈಕಲ್ ಕಲಿಯೋ ವರ್ಷ, ಕಾರು ಹಿಂದೆ ಬರುವಾಗ ನೀನೆಲ್ಲಿ ಅಡ್ಡ ಬರ್ತೀಯೋ ಅಂತ ಹೆದರಿ ನಿಮ್ಮಪ್ಪಾನೇ ತೂತು ಕೊರೆಸಿ ಹಾಕಿಸಿದ್ದು."

ಇವರು ಮಾತಾಡಲಿಲ್ಲ. ಎದ್ದು ಶೆಡ್ಡಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಮಾರನೆಯ ಬೆಳಿಗ್ಗೆ ಕಾಫಿ ಕುಡಿದವರೇ ಕಾರನ್ನು ಗ್ಯಾರೇಜಿಗೆ ತೆಗೆದುಕೊಂಡು ಹೊರಟರು. ನಾನೂ ನನ್ನ ಚೀಟಿ ದುಡ್ಡು ಸೆರಗಿಗೆ ಕಟ್ಟಿಕೊಂಡು ಜೊತೆಗೆ ಹತ್ತಿದೆ.

ಗ್ಯಾರೇಜಿನ ಮೇಸ್ತ್ರಿ ತಿಳಿದವರು. "ಅಮ್ಮಾ, ಬೆಲ್ಟು ದೊಡ್ಡ ವಿಷಯವಲ್ಲ, ಅದನ್ನ ಯಾವುದಕ್ಕೆ ಕಟ್ಟುತ್ತೀವಿ ಅನ್ನೋದೇ ವಿಷಯ" ಎಂದರು. ಸೀರೆ ಒಣಗಿಸುವ ಹಗ್ಗ ಎಷ್ಟು ಗಟ್ಟಿಯಾಗಿದ್ದರೇನು, ಮೊಳೆ ಸಡಿಲವಾಗಿದ್ದರೆ? ಹಾಗೇ ಇದು. ಮೊದಲು ನೆಲಹಾಸು ಕಿತ್ತು ಕೆಳಗಿನ ತಗಡನ್ನು ಸುತ್ತಿಗೆಯಿಂದ ಬಡಿದು ನೋಡಿದರು. ಒಂದು ಕಡೆ ತುಕ್ಕು ತಿಂದಿತ್ತು. ಅದನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಬೋಲ್ಟು ಹಾಕುವ ಕಡೆಯಲ್ಲೆಲ್ಲ ತಗಡಿನ ಅಡಿಗೆ ಅಂಗೈ ಅಗಲದ ದಪ್ಪ ಉಕ್ಕಿನ ಹಲಗೆ ಕೊಟ್ಟರು. ಇಲ್ಲದಿದ್ದರೆ ಗುದ್ದಿದಾಗ ಬೋಲ್ಟು ತಗಡನ್ನು ಹರಿದುಕೊಂಡೇ ಬಂದುಬಿಡುತ್ತದಂತೆ. ಎರಡು ಬಾಗಿಲ ನಡುವಿನ ಕಂಬ ಒಳಗೆ ಪೊಳ್ಳು. ಅಲ್ಲಿಗೂ ಹಲಗೆ ಬೆಸೆದೇ ಹೆಗಲ ಪಟ್ಟಿಯ ಬೋಲ್ಟು ಕೂರಿಸಿದರು. ಬೋಲ್ಟೂ ಅಷ್ಟೇ, ಬೆಲ್ಟಿಗೆಂದೇ ಬರುವ ಗಟ್ಟಿ ಬೋಲ್ಟು, ಅಂಗಡಿಯ ಮಾಮೂಲಿಯದಲ್ಲ.

ಗುಜರಿಯಲ್ಲಿ ಬೆಲ್ಟು ಅಗ್ಗಕ್ಕೆ ಸಿಗುತ್ತದೆಂದು ಯಾರೋ ಹೇಳಿದರು. ಮೇಸ್ತ್ರಿ ಬೇಡವೇ ಬೇಡ ಎಂದರು. ಒಮ್ಮೆ ಗುದ್ದಿದ ಕಾರಿನ ಬೆಲ್ಟು ಎಳೆದು ಬಿಟ್ಟ ಎಲಾಸ್ಟಿಕ್ಕಿನ ಹಾಗೆ, ಹಿಗ್ಗಿರುತ್ತದೆ. ಹೊಸದನ್ನೇ ತಂದೆವು. ಮುಂದೆ ಎರಡು, ಹಿಂದೆ ಎರಡು.

ಇನ್ನು ನಮ್ಮ ಹೆಂಗಸರ ವಿಷಯ. ಸೀರೆ ಉಟ್ಟು ಬೆಲ್ಟು ಹಾಕಿಕೊಳ್ಳುವುದು ಕಷ್ಟ ಎನ್ನಬೇಡಿ. ಕುಳಿತ ಮೇಲೆ ಸೆರಗನ್ನು ಸುಕ್ಕಿಲ್ಲದಂತೆ ಎಳೆದುಕೊಳ್ಳಿ. ಸೇಫ್ಟಿ ಪಿನ್ನೂ ಮಾಂಗಲ್ಯವೂ ಪಟ್ಟಿಯ ಅಡಿಗೆ ಸಿಗದಂತೆ ಪಕ್ಕಕ್ಕೆ ಸರಿಸಿಕೊಳ್ಳಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಡಾಬು ಕೂರುವುದಕ್ಕಿಂತಲೂ ಕೆಳಗೆ, ಸೊಂಟದ ಮೂಳೆಗೆ ತಗುಲಿ ಕೂರಬೇಕು. ಕತ್ತಿಗೆ ಉಜ್ಜುತ್ತದೆಂದು ಹೆಗಲ ಪಟ್ಟಿಯನ್ನು ಕಂಕುಳ ಕೆಳಗೆ ತೂರಿಸಬೇಡಿ. ಬಸುರಿಯರು ಬೆಲ್ಟು ಹಾಕಬಾರದು ಎನ್ನುವುದು ತಪ್ಪು ತಿಳುವಳಿಕೆ, ಹಾಕಲೇಬೇಕು. ಕೆಳಪಟ್ಟಿ ಹೊಟ್ಟೆಯ ಕೆಳಗೆ, ಮೇಲಿನ ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಹಾದುಹೋಗಬೇಕು. ಒಂದು ಬೆಲ್ಟಿನೊಳಗೆ ಮಗುವನ್ನೂ ಸೇರಿಸಿ ಇಬ್ಬರು ಕೂರಬೇಡಿ. ನಿಮ್ಮ ಭಾರವೇ ಮಗುವಿನ ಮೇಲೆ ಬೀಳುತ್ತದೆ.

ಇನ್ನೊಂದು ಮಾತು. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರಿಂದ ವಿಂಟೇಜ್ ಎಂಬ ಬೇರೆ ನೋಂದಣಿ ಬಂದಿದೆ. ಅದಕ್ಕೆ ಕಾರು ಮೂಲರೂಪದಲ್ಲಿರಬೇಕು. ಆ ನೋಂದಣಿ ಬೇಕೆನ್ನುವವರು ತೂತು ಕೊರೆಸುವ ಮುಂಚೆ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳಿ. ಬೆಲ್ಟು ಬಂತೆಂದು ಹಳೇ ಕಾರು ಹೊಸದಾಗುವುದಿಲ್ಲ ಎಂಬುದೂ ನೆನಪಿರಲಿ. ಬ್ರೇಕು ಹಳೆಯದೇ, ಮುಂದಿನ ತಗಡು ತಗಡೇ. ನಿಧಾನಕ್ಕೆ ಓಡಿಸಿ.

ಮಗಳು ಬಂದಳು. ಸ್ಟೇಷನ್ನಿನ ಮುಂದೆ ಇವರೇ ಬಾಗಿಲು ತೆಗೆದು, ಅವಳನ್ನು ಕೂರಿಸಿ, ಮಗುವಿಗೆ ಬಟ್ಟೆ ತೊಡಿಸುವಷ್ಟು ಜೋಪಾನವಾಗಿ ಬೆಲ್ಟು ಹಾಕಿದರು. "ಅಪ್ಪಾ, ತಾತನ ಕಾರಿಗೆ ನೀವು ತೂತು ಕೊರೆಸಿದ್ರಾ?" ಎಂದು ಕಣ್ಣರಳಿಸಿದಳು. ಇವರು ಅವಳ ಹುಬ್ಬಿನ ಮೇಲಿನ ಹಳೇ ಗುರುತನ್ನೊಮ್ಮೆ ನೋಡಿ, "ಮೊದಲನೇ ತೂತು ನಿಮ್ಮ ತಾತಂದೇ ಕಣಮ್ಮ" ಎಂದರು.

ಮೊಮ್ಮಗನಿಗೆ ಈಗ ಎಂಟು ತಿಂಗಳು. ಅವನಿಗೆಂದೇ ಮಕ್ಕಳ ಸೀಟೊಂದನ್ನು ತಂದು, ಹಿಂದಿನ ಬೆಲ್ಟಿಗೆ ಬಿಗಿದಿದ್ದೇವೆ. ಯಜಮಾನರಂತೂ ಕಾರು ಒರೆಸಲೆಂದು ಶೆಡ್ಡಿನಿಂದ ಅಂಗಳಕ್ಕೆ ತರುವಾಗಲೂ ಬೆಲ್ಟು ಹಾಕಿಕೊಳ್ಳುತ್ತಾರೆ. ಅತ್ತೆಯವರು ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಡಾಬು ಹಾಕ್ಕೊಂಡ್ಯೇನೋ?"